ತೊಡೆ ಮುರಿದ ಕಾಳಗ: ಕಾವ್ಯದಲ್ಲಿ, ಅಟ್ಟದ ಮೇಲೆ, ಪರದೆಯಲ್ಲಿ

ಯುದ್ಧದ ಕಥೆಯನ್ನು ಎಷ್ಟು ದಿನ ಬೇಕಾದರೂ ಬೆಳೆಸಬಹುದು. ಆದರೆ ಅದರ ಯೋಗ್ಯತೆ ಗೊತ್ತಾಗುವದು ಕಡೆಯ ಕಾಳಗದಲ್ಲಿ. ಹೇಳುವವನ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದೆಲ್ಲ ಅಲ್ಲಿ ಹೊರಬೀಳುತ್ತದೆ. ಇಂಗ್ಲೀಷಿನಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಎಂಬ ಅದ್ಭುತಕಥೆಯ ಧಾರಾವಾಹಿಯೊಂದು 2011ರಿಂದ 2019ರ ವರೆಗೆ ನಡೆಯಿತು. ಅದರಲ್ಲಿ ಸತ್ತವರ ಸೈನ್ಯವು ಬದುಕಿದವರ ಕೋಟೆಗೆ ಮುತ್ತಿಗೆ ಹಾಕುವ ಕಂತೊಂದಿದೆ. ಆ ಒಂದು ರಾತ್ರಿಯ ಕಾಳಗವನ್ನು ಚಿತ್ರಿಸುವದಕ್ಕೆ 55 ರಾತ್ರಿಗಳು ಹಿಡಿದವು. 2019ರ ಏಪ್ರಿಲ್ 28ರಂದು ಅದು ಪ್ರಸಾರವಾದಾಗ ಪ್ರೇಕ್ಷಕರಲ್ಲಿ ಬಹಳ ಜನರು ಮಾಡಿದ ತಕರಾರು ಏನೆಂದರೆ, ಕತ್ತಲೆಯಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆಂಬುದೇ ತಿಳಿಯಲಿಲ್ಲ ಎಂಬುದು! ಗೆಳೆಯನೊಬ್ಬನು ತನ್ನ ಮೊಬೈಲಿನಲ್ಲಿ ಅದನ್ನು ನನಗೆ ತೋರಿಸಿದಾಗ ನನಗೂ ಹಾಗೆಯೇ ಆಯಿತು. ನಮ್ಮ ತುಕ್ಕಾನಟ್ಟಿಯ ಹಿರಿಯರು, ಒಂದೇ ಒಂದು ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ದೊಡ್ಡಾಟದ ಕೌರವನ ಕಣ್ಣಿನ ಕೆಂಪು ಕೂಡ ಕಡೆಯ ಸಾಲಿನವರಿಗೆ ಕಾಣುತ್ತಿತ್ತೆಂದು ಹೇಳುವದನ್ನು ಚಿಕ್ಕಂದಿನಿಂದ ಕೇಳಿದವನು ನಾನು. ಅಷ್ಟು ಹಣ, ಅಷ್ಟು ಜನ, ಅಷ್ಟು ಯಂತ್ರಗಳಿದ್ದೂ ಕಾಣಿಸದ್ದು ಇಲ್ಲಿ ಹೇಗೆ ಕಾಣಿಸುತ್ತಿತ್ತು?

ಈ ಪ್ರಶ್ನೆಯನ್ನು ಹಿಡಿದುಕೊಂಡು, ಕನ್ನಡಿಗರ ಪಾಲಿಗೆ ಕಡೆಯ ಕಾಳಗವಾಗಿರುವ ಭೀಮ-ದುರ್ಯೋಧನರ ಗದಾಯುದ್ಧವು ಕಾವ್ಯದಲ್ಲಿ, ದೊಡ್ಡಾಟದಲ್ಲಿ ಮತ್ತು ದೂರದರ್ಶನದ ಧಾರಾವಾಹಿಗಳಲ್ಲಿ ಯಾವ ಯಾವ ರೂಪ ತಾಳಿದೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ. ಗುರುಗಳು ಇದನ್ನು ಓದಿ ನಕ್ಕರೂ ಚಿಂತೆಯಿಲ್ಲ. ಗದಾಯುದ್ಧವನ್ನು ಪರೀಕ್ಷೆಯ ಪ್ರಶ್ನೆಯೆಂದು ಮಾತ್ರ ತಿಳಿದಿರುವ ನನ್ನ ಸಹಪಾಠಿಗಳು ಒಮ್ಮೆ ಓದಿದರೆ ಸಾಕು.

‘ಕನ್ನಡಿಗರ ಪಾಲಿಗೆ’ ಎಂದದ್ದು ಸುಮ್ಮನೆ ಅಲ್ಲ. ವ್ಯಾಸಭಾರತವು ಗದಾಯುದ್ಧಕ್ಕೆ ನಿಲ್ಲುವದಿಲ್ಲ. ಅದರ ಹದಿನೆಂಟು ಪರ್ವಗಳಲ್ಲಿ ಗದಾಯುದ್ಧವು ಬರುವದು ಒಂಬತ್ತನೆಯದಾದ ಶಲ್ಯಪರ್ವದಲ್ಲಿ. ಅಂದರೆ ಅರ್ಧ ದಾರಿಯಲ್ಲಿ. ಆಮೇಲೆ ಅಶ್ವತ್ಥಾಮನು ನಿದ್ದೆಯಲ್ಲಿದ್ದವರನ್ನು ಕೊಲ್ಲುವದಿದೆ, ಹೆಂಗಸರ ಅಳುವಿದೆ, ಭೀಷ್ಮನ ನೀತಿಬೋಧೆಯಿದೆ, ಕೊನೆಗೆ ಹಿಮಾಲಯದ ಹಾದಿಯಿದೆ. ಆದರೆ ಗದುಗಿನ ಕುಮಾರವ್ಯಾಸನು ಹತ್ತೇ ಪರ್ವಗಳನ್ನು ಬರೆದು ಗದಾಪರ್ವಕ್ಕೆ ಲೇಖಣಿಯನ್ನು ಕೆಳಗಿಟ್ಟನು. ಅವನಿಗಿಂತ ನಾಲ್ಕು ನೂರಕ್ಕೂ ಹೆಚ್ಚು ವರ್ಷ ಹಿಂದಿನ ರನ್ನನಂತೂ ಈ ಒಂದೇ ಕಾಳಗವನ್ನು ನಡುವಿಟ್ಟುಕೊಂಡು ಹತ್ತು ಆಶ್ವಾಸಗಳ ಇಡೀ ಕಾವ್ಯವನ್ನೇ ಕಟ್ಟಿದನು. ನಮ್ಮವರ ಕಿವಿಗೆ ಈ ಗದೆಯ ಸಪ್ಪಳವೇ ಭಾರತದ ಕೊನೆಯ ಸಪ್ಪಳ.

ಮೊದಲು ಲೆಕ್ಕ ನೋಡೋಣ. ಕುರುಕ್ಷೇತ್ರದಲ್ಲಿ ಕೂಡಿದ ಸೈನ್ಯ ಹದಿನೆಂಟು ಅಕ್ಷೌಹಿಣಿ: ಕೌರವರದು ಹನ್ನೊಂದು, ಪಾಂಡವರದು ಏಳು. ಒಂದು ಅಕ್ಷೌಹಿಣಿಗೆ 21,870 ರಥಗಳು, ಅಷ್ಟೇ ಆನೆಗಳು, 65,610 ಕುದುರೆಗಳು, 1,09,350 ಕಾಲಾಳುಗಳು. ಹದಿನೆಂಟರಿಂದ ಗುಣಿಸಿದರೆ ಕಾಲಾಳುಗಳೇ 19,68,300 ಆಗುತ್ತಾರೆ, ಆನೆಗಳು 3,93,660. (ಇಷ್ಟು ಆನೆಗಳಿಗೆ ಮೇವು ಎಲ್ಲಿಂದ ತಂದರೆಂದು ನಮ್ಮ ಅವ್ವ ಕೇಳಿದಳು. ಎರಡು ಎಮ್ಮೆಗಳಿಗೆ ಬೇಸಿಗೆಯಲ್ಲಿ ಮೇವು ಹೊಂದಿಸುವವಳ ಪ್ರಶ್ನೆ ಅದು, ನನ್ನಲ್ಲಿ ಉತ್ತರವಿರಲಿಲ್ಲ.) ಇಂಥ ದಂಡನ್ನು ಯಾವ ರಂಗಭೂಮಿಯೂ ತೋರಿಸಲಾರದು. ಧಾರಾವಾಹಿಯವರು ನೂರಾರು ಜನರಿಗೆ ವೇಷ ಹಾಕಿಸಿ, ಅವರನ್ನೇ ಗಣಕಯಂತ್ರದಿಂದ ಸಾವಿರ, ಲಕ್ಷ ಮಾಡಿ ತೋರಿಸುತ್ತಾರೆ. ಮೇಲಿನಿಂದ ನೋಡಿದರೆ ಇರುವೆಯ ಸಾಲು ಹೊರಟಂತೆ ಕಾಣುತ್ತದೆ.

ಆದರೆ ವ್ಯಾಸರು ಕಥೆಯನ್ನು ಎಂಥ ಜಾಗಕ್ಕೆ ತಂದು ನಿಲ್ಲಿಸಿದ್ದಾರೆ ನೋಡಿರಿ! ಹದಿನೆಂಟನೆಯ ದಿನ ಸಂಜೆಯ ಹೊತ್ತಿಗೆ ಕೌರವನ ಹನ್ನೊಂದು ಅಕ್ಷೌಹಿಣಿಗಳಲ್ಲಿ ಉಳಿದ ವೀರರು ಅಶ್ವತ್ಥಾಮ, ಕೃಪ, ಕೃತವರ್ಮ ಎಂಬ ಮೂವರು ಮಾತ್ರ. ಅರಸನು ಒಬ್ಬನೇ ಗದೆಯನ್ನು ಹೆಗಲಿಗಿಟ್ಟುಕೊಂಡು ಕಾಲ್ನಡಿಗೆಯಿಂದ ಹೋಗಿ ಕೊಳದ ನೀರಿನೊಳಗೆ ಅಡಗುತ್ತಾನೆ. ಆದ್ದರಿಂದ ಭರತಖಂಡದ ಅತಿದೊಡ್ಡ ಯುದ್ಧದ ಅತಿದೊಡ್ಡ ಕಾಳಗಕ್ಕೆ ಬೇಕಾಗುವ ಪಾತ್ರಧಾರಿಗಳು ಇಬ್ಬರೇ. ಅಲ್ಲಿ ಆನೆಯಿಲ್ಲ, ರಥವಿಲ್ಲ, ಬಾಣವಿಲ್ಲ. ದೊಡ್ಡ ಯಂತ್ರದ ದೊಡ್ಡಸ್ತಿಕೆ ಅಲ್ಲಿ ನಡೆಯುವದಿಲ್ಲ. ಹತ್ತು ಹಲಗೆಯ ಅಟ್ಟವೂ ಕೋಟಿ ರೂಪಾಯಿಯ ಪರದೆಯೂ ಆ ಸ್ಥಳದಲ್ಲಿ ಸರಿಸಮ.

ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಕೊಳದಲ್ಲಿ ಅಡಗಿದವನನ್ನು ಪಾಂಡವರು ಹುಡುಕಿ ಬರುತ್ತಾರೆ. ಧರ್ಮರಾಯನು ಹೊರಗಿನಿಂದ ಹಂಗಿಸಿ ಕರೆಯುತ್ತಾನೆ. ಕರೆದವನು ಅಷ್ಟಕ್ಕೇ ಸುಮ್ಮನಿರದೆ, ‘ನಮ್ಮೈವರಲ್ಲಿ ಒಬ್ಬನನ್ನು ಗೆದ್ದರೂ ರಾಜ್ಯ ನಿನ್ನದೇ’ ಎಂಬರ್ಥದ ಮಾತನ್ನು ಆಡಿಬಿಡುತ್ತಾನೆ. ಜೂಜಿನ ಚಟ ಇನ್ನೂ ಹೋಗಿರಲಿಲ್ಲವೆಂದು ಕಾಣುತ್ತದೆ. ಕೃಷ್ಣನಿಗೆ ಸಿಟ್ಟು ಬರುತ್ತದೆ. ನಕುಲನನ್ನೋ ಸಹದೇವನನ್ನೋ ಅವನು ಆರಿಸಿಕೊಂಡಿದ್ದರೆ ಹದಿನೆಂಟು ದಿನಗಳ ರಕ್ತವೆಲ್ಲ ನೀರಾಗುತ್ತಿತ್ತು. ಆದರೆ ಕೌರವನು ಭೀಮನೊಡನೆಯೇ ಕಾದಲು ನಿಲ್ಲುತ್ತಾನೆ. ಅಷ್ಟರಲ್ಲಿ ತೀರ್ಥಯಾತ್ರೆಗೆ ಹೋಗಿದ್ದ ಬಲರಾಮನೂ ಬಂದು ಸೇರುತ್ತಾನೆ. ಇಬ್ಬರಿಗೂ ಗದಾವಿದ್ಯೆ ಕಲಿಸಿದ ಗುರು ಅವನು. ಕಾಳಗ ಸಮಸಮನಾಗಿ ನಡೆಯುತ್ತದೆ. ಭೀಮನಿಗೆ ಬಲ ಹೆಚ್ಚು, ಕೌರವನಿಗೆ ಅಭ್ಯಾಸ ಹೆಚ್ಚು: ಭೀಮನದೊಂದು ಕಬ್ಬಿಣದ ಪ್ರತಿಮೆಯನ್ನು ಮಾಡಿಸಿ ಹದಿಮೂರು ವರ್ಷ ಅದರ ಮೇಲೆ ಕೈ ಪಳಗಿಸಿಕೊಂಡವನು ಅವನು. ಧರ್ಮದಿಂದ ಹೋರಾಡಿದರೆ ಭೀಮ ಗೆಲ್ಲಲಾರನೆಂದು ಕೃಷ್ಣನೇ ಅರ್ಜುನನಿಗೆ ಹೇಳುತ್ತಾನೆ. ಅರ್ಜುನನು ಭೀಮನಿಗೆ ಕಾಣುವಂತೆ ತನ್ನ ಎಡದೊಡೆಯನ್ನು ತಟ್ಟುತ್ತಾನೆ. ಕೌರವನು ಮೇಲಕ್ಕೆ ನೆಗೆದ ಕ್ಷಣದಲ್ಲಿ ಭೀಮನ ಗದೆ ಅವನ ತೊಡೆಗಳ ಮೇಲೆ ಬೀಳುತ್ತದೆ.

ಗದೆಯ ಕಾಳಗಕ್ಕೆ ನಾಭಿಯ ಕೆಳಗೆ ಹೊಡೆಯಬಾರದೆಂಬ ಕಟ್ಟಳೆಯಿದೆ. ಇದನ್ನು ನಮ್ಮ ಕಡೆಯ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಒಂದು ಕೆಟ್ಟ ಪಟ್ಟಿಗೆ ಇಡೀ ಕಣವೇ ಎದ್ದು ನಿಲ್ಲುವದನ್ನು ಅವರು ನೋಡಿದ್ದಾರೆ. ಗೆದ್ದವನ ಹೆಗಲಿಗೆ ಬೆಳ್ಳಿಯ ಗದೆ ಏರುವದನ್ನೂ ನೋಡಿದ್ದಾರೆ. ಬಲರಾಮನೂ ಹಾಗೆಯೇ ಎದ್ದನು. ನೇಗಿಲನ್ನೆತ್ತಿಕೊಂಡು ಭೀಮನ ಮೇಲೆ ಬಂದವನನ್ನು ಕೃಷ್ಣನು ತೋಳು ಹಿಡಿದು ತಡೆಯಬೇಕಾಯಿತು. ಬಿದ್ದವನು ಮೊಳಕೈಯೂರಿ ಎದ್ದು ಕೂತು, ಭೀಷ್ಮನಿಂದ ಕರ್ಣನ ವರೆಗೆ ಯಾರು ಯಾರನ್ನು ಹೇಗೆ ಹೇಗೆ ಕೊಂದಿರೆಂದು ಕೃಷ್ಣನ ಮುಖದ ಮೇಲೆಯೇ ಎಣಿಸುತ್ತಾನೆ. ಆಗ ಆಕಾಶದಿಂದ ಹೂಮಳೆ ಸುರಿಯುತ್ತದೆ. ಯಾರ ಮೇಲೆ? ಗೆದ್ದವನ ಮೇಲಲ್ಲ, ದುರ್ಯೋಧನನ ಮೇಲೆ. ವ್ಯಾಸರು ಇದನ್ನು ಬರೆದಿಟ್ಟು ಮುಂದೆ ಹೋಗಿದ್ದಾರೆ. ಯಾರು ಸರಿಯೆಂಬ ತೀರ್ಪನ್ನು ಕೊಟ್ಟಿಲ್ಲ. ಪಾಂಡವರು ತಲೆ ಕೆಳಗೆ ಮಾಡಿ ನಿಂತರು. ಇದೇ ಈ ಕಾಳಗದ ಗಂಟು. ಮುಂದೆ ಬಂದ ಪ್ರತಿಯೊಬ್ಬ ಕವಿಯೂ, ಆಟದವನೂ, ಧಾರಾವಾಹಿಯವನೂ ಈ ಗಂಟನ್ನು ಏನು ಮಾಡಿದನೆಂಬುದರ ಮೇಲೆಯೇ ಅವನ ಪರೀಕ್ಷೆ.

ರನ್ನನು ನಮ್ಮ ನೆರೆಯೂರವನು. ಗೋಕಾಕದಲ್ಲಿ ಧುಮುಕಿದ ಘಟಪ್ರಭೆಯೇ ಮುಂದೆ ಹರಿದು ಹೋಗುವ ಮುಧೋಳವು ಅವನ ಊರು. ಬಳೆಗಾರರ ಮನೆತನದಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಹುಟ್ಟಿ, ಓದಿನ ಆಸೆಯಿಂದ ಶ್ರವಣಬೆಳಗೊಳದ ವರೆಗೂ ಹೋಗಿ ಅಜಿತಸೇನಾಚಾರ್ಯರಲ್ಲಿ ಕಲಿತನು. ಚಾವುಂಡರಾಯ, ಅತ್ತಿಮಬ್ಬೆಯಂಥವರ ಆಶ್ರಯ ಪಡೆದು ಕಡೆಗೆ ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿ ಎನಿಸಿಕೊಂಡನು. ಅವನ ಅಜಿತಪುರಾಣವು ಮುಗಿದದ್ದು 993ರಲ್ಲಿ. ಬಳೆಯ ಮಲಾರವನ್ನು ಹೊತ್ತ ಮನೆಯ ಹುಡುಗನು ಇಷ್ಟು ದೂರ ನಡೆದನೆಂಬುದನ್ನು ಪಠ್ಯದಲ್ಲಿ ಮೊದಲ ಸಲ ಓದಿದ ದಿನ ನಾನು ಆ ಪುಟವನ್ನು ಎರಡು ಸಲ ಓದಿದೆ. ನನ್ನ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ.

ಅವನ ‘ಸಾಹಸಭೀಮವಿಜಯ’ಕ್ಕೆ ಭೀಮನೇ ನಾಯಕ. ಆಶ್ರಯದಾತನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ಹೊಗಳುವ ಕೆಲಸವನ್ನು ರನ್ನನು ಒಪ್ಪಿಕೊಂಡಿದ್ದನು. ಹೊಗಳುವದನ್ನು ಹೊಗಳಿದ್ದಾನೆ, ಅದರಲ್ಲಿ ಕೊರತೆ ಮಾಡಿಲ್ಲ. ಆದರೆ ಕಾವ್ಯದಲ್ಲಿ ಓದುಗನು ಯಾರ ಹಿಂದೆ ನಡೆಯುತ್ತಾನೆ? ಸಂಜಯನೊಡನೆ ಹೆಣಗಳ ನಡುವೆ ಹಾದುಹೋಗುವ ದುರ್ಯೋಧನನ ಹಿಂದೆ. ದ್ರೋಣನ ಹೆಣ, ದುಶ್ಶಾಸನನ ಹೆಣ, ಮಗ ಲಕ್ಷಣನ ಹೆಣ, ಕರ್ಣನ ಹೆಣ. ಒಂದೊಂದರ ಮುಂದೆಯೂ ಅರಸನು ನಿಲ್ಲುತ್ತಾನೆ. ಹೀಗಾಗಿ ಗದಾಯುದ್ಧಕ್ಕೆ ಬರುವಷ್ಟರಲ್ಲಿ ನಾವು ಅವನ ಎದುರು ನಿಂತಿರುವದಿಲ್ಲ, ಅವನ ಬದಿಗೆ ನಿಂತಿರುತ್ತೇವೆ. ಭೀಮನ ಗರ್ಜನೆಯನ್ನು ಕೇಳಿ, ತಣ್ಣೀರಿನ ಒಳಗೆ ಕೂತವನಿಗೂ ಮೈಬೆವರಿತೆಂದು ರನ್ನನು ಹೇಳುವ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಭೀಮನ ಪ್ರತಾಪವೆಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ನನಗೇನೋ ಅದನ್ನು ಓದುವಾಗ ಭೀಮನಿಗಿಂತ ನೀರಿನಲ್ಲಿ ಒಬ್ಬನೇ ಕೂತವನೇ ಹೆಚ್ಚು ಕಾಣಿಸುತ್ತಾನೆ. ಬಿ.ಎಂ.ಶ್ರೀಯವರು ಈ ಕಾವ್ಯದಿಂದಲೇ ‘ಗದಾಯುದ್ಧ ನಾಟಕ’ವನ್ನು ರೂಪಿಸಿದ್ದು, ರನ್ನನೊಳಗೆ ನಾಟಕವೊಂದು ಅಡಗಿರುವದನ್ನು ಕಂಡುಕೊಂಡದ್ದರಿಂದ.

ಇನ್ನು ದೊಡ್ಡಾಟ. ನಮ್ಮ ಸೀಮೆ ಹೆಸರಾದದ್ದು ಶ್ರೀಕೃಷ್ಣ ಪಾರಿಜಾತಕ್ಕೆ. ಕುಲಗೋಡ ತಮ್ಮಣ್ಣನ ಊರೂ ಕೌಜಲಗಿ ನಿಂಗಮ್ಮನ ಊರೂ ನಮಗೆ ನೆರೆ. ಆದರೆ ಪಾರಿಜಾತದಲ್ಲಿರುವದು ಸವತಿಯರ ಜಗಳ, ಒಂದು ಹೂವಿನ ಯುದ್ಧ. ಗದೆ, ಬಿಲ್ಲು, ಕಿರೀಟಗಳ ಆಟ ಬೇಕಾದರೆ ದೊಡ್ಡಾಟಕ್ಕೇ ಹೋಗಬೇಕು. ಕಾಣದವರಿಗಾಗಿ ಎರಡು ಮಾತು: ಊರ ಬಯಲಲ್ಲಿ ಹಲಗೆ ಜೋಡಿಸಿ ಎತ್ತರವಾದ ಅಟ್ಟ ಕಟ್ಟುತ್ತಾರೆ. ಹಿಮ್ಮೇಳದಲ್ಲಿ ಭಾಗವತ, ಮದ್ದಳೆ, ತಾಳ, ಮುಖವೀಣೆ. ವೇಷಗಾರರಿಗೆ ಕಿರೀಟ, ಭುಜಕೀರ್ತಿ, ಎದೆಗಟ್ಟು. ಬಂದ ಪಾತ್ರಕ್ಕೆಲ್ಲ ‘ತಾವು ಧಾರು?’ ಎಂದು ಕೇಳುವ ಸಾರಥಿಯೊಬ್ಬನಿರುತ್ತಾನೆ. ಗಣಪತಿಯ ಪೂಜೆಯಿಂದ ಶುರುವಾದ ಆಟವು ಬೆಳ್ಳಿ ಮೂಡುವ ವರೆಗೆ ನಡೆಯುತ್ತದೆ.

ನಮ್ಮ ಅಜ್ಜ ಹರೆಯದಲ್ಲಿ ಕೌರವನ ಪಾತ್ರ ಹಾಕುತ್ತಿದ್ದನು. ಅಕ್ಷರ ಬಾರದ ಮನುಷ್ಯ. ಪದವೆಲ್ಲ ಕಿವಿಯಿಂದಲೇ ಕಲಿತದ್ದು. ಗದೆಯ ಕಾಳಗವನ್ನು ಅಟ್ಟದ ಮೇಲೆ ಹೇಗೆ ಮಾಡುತ್ತಿದ್ದಿರೆಂದು ನಾನು ಈ ಲೇಖನಕ್ಕಾಗಿಯೇ ಅವನನ್ನು ಕೇಳಿದೆ. ಅವನು ಹೇಳಿದ್ದರಲ್ಲಿ ಎರಡು ಸಂಗತಿಗಳು ನನಗೆ ಬಹಳ ಮುಖ್ಯವೆನಿಸಿದವು. ಮೊದಲನೆಯದು ಸಪ್ಪಳ. ಆಟದ ಗದೆ ಕಟ್ಟಿಗೆಯದು, ಮೇಲೆ ಬೇಗಡೆ. ಗದೆಗೆ ಗದೆ ಬಡಿದರೆ ಟಕ್ಕೆನ್ನುತ್ತದೆಯೇ ಹೊರತು ಗುಡುಗುವದಿಲ್ಲ. ಗುಡುಗುವದು ಕಾಲು! ಗದೆ ತಾಗುವ ಗಳಿಗೆಗೆ ಸರಿಯಾಗಿ ಇಬ್ಬರೂ ಹಲಗೆಯ ಮೇಲೆ ಹೆಜ್ಜೆ ಗುದ್ದಬೇಕು, ಅದೇ ಗಳಿಗೆಗೆ ಮದ್ದಳೆಯವನು ಪೆಟ್ಟು ಹಾಕಬೇಕು. ಮೂರೂ ಕೂಡಿದರೆ ಊರಾಚೆಯ ನಾಯಿ ಬೊಗಳುತ್ತಿದ್ದವಂತೆ. ಎರಡನೆಯದು ತೂಕ. ‘ತಮ್ಮಾ, ಗದಾ ಹಗರ ಇದ್ದಷ್ಟೂ ಅದನ್ನ ಎತ್ತೂದು ತ್ರಾಸು. ಇಲ್ಲದ ಭಾರ ಇದ್ದಂಗ ತೋರಸಬೇಕಲ್ಲ! ಕೈಯಾಗ ತೋರಸಿದರ ಸುಳ್ಳು ಕಾಣತೈತಿ. ನಡಾ ಮಣಸಬೇಕು, ಉಸರು ಹಿಡೀಬೇಕು. ಆಗ ಕುಂತ ಮಂದಿನೂ ಉಸರು ಹಿಡೀತಾರು’ ಎಂದನು. ನಮ್ಮ ಅಜ್ಜನಿಗೆ ರಸಸಿದ್ಧಾಂತ ಗೊತ್ತಿಲ್ಲ. ಆದರೆ ಆ ವಿಷಯದ ಮೇಲೆ ನಾವು ಬರೆದುಕೊಂಡ ಟಿಪ್ಪಣಿಗಳಲ್ಲಿ ಈ ಉಸಿರಿನ ಸಂಗತಿ ಎಲ್ಲಿಯೂ ಇರಲಿಲ್ಲ.

ಪೆಟ್ಟುಗಳೂ ಬಹಳ ಇರುವದಿಲ್ಲ. ಒಂದು ಪೆಟ್ಟು, ಆಮೇಲೆ ಒಂದು ಪದ, ಆಮೇಲೆ ಮಾತಿನ ಸವಾಲು-ಜವಾಬು, ಮತ್ತೆ ಸುತ್ತು ಹಾಕಿ ಇನ್ನೊಂದು ಪೆಟ್ಟು. ಒಂದು ತಾಸಿನ ಕಾಳಗದಲ್ಲಿ ಗದೆ ಕೂಡಿದ್ದು ಹನ್ನೆರಡು ಸಲವಾದರೆ ಹೆಚ್ಚು. ಉಳಿದದ್ದೆಲ್ಲ ವಾದ. ಅರಗಿನ ಮನೆ, ಜೂಜು, ಸೀರೆ, ವನವಾಸ, ಎಲ್ಲ ಮೊಕದ್ದಮೆಗಳೂ ಅಲ್ಲಿ ಮತ್ತೊಮ್ಮೆ ವಿಚಾರಣೆಗೆ ಬರುತ್ತವೆ. ತೊಡೆ ಮುರಿದ ಮೇಲೆ ಕೌರವನ ಮಾತು ಅರ್ಧ ತಾಸು ನಡೆಯುತ್ತಿತ್ತು. ಸಾಯುವವನು ಇಷ್ಟು ಹೊತ್ತು ಮಾತಾಡುವನೇ ಎಂದು ಈಗಿನ ಹುಡುಗರು ನಗಬಹುದು. ಆದರೆ ವ್ಯಾಸರಲ್ಲಿಯೂ ಅವನು ಮಾತಾಡುತ್ತಾನೆಂಬುದನ್ನು ಮೇಲೆ ಹೇಳಿದ್ದೇನೆ. ಮರುದಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಭೀಮ ಮಾಡಿದ್ದು ಸರಿಯೋ ತಪ್ಪೋ ಎಂದು ರಾತ್ರಿ ಆಟ ನೋಡಿದವರಲ್ಲಿ ಎರಡು ಪಂಗಡಗಳಾಗುತ್ತಿದ್ದವಂತೆ. ಆ ವಾದಕ್ಕೆ ಅಕ್ಷರ ಬೇಕಾಗಿರಲಿಲ್ಲ.

ಇನ್ನು ಪರದೆಗೆ ಬರೋಣ. ಬಿ.ಆರ್.ಚೋಪ್ರಾ ಅವರ ಹಿಂದಿಯ ‘ಮಹಾಭಾರತ’ವು 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರ ವರೆಗೆ ದೂರದರ್ಶನದಲ್ಲಿ ರವಿವಾರ ಮುಂಜಾನೆ ಒಟ್ಟು 94 ಕಂತುಗಳಲ್ಲಿ ಪ್ರಸಾರವಾಯಿತು. ಮಾತುಗಳನ್ನು ಬರೆದವರು ರಾಹಿ ಮಾಸೂಮ್ ರಜಾ. ‘ಸಮಯ’ನೇ ಕಥೆ ಹೇಳುತ್ತಾನೆಂಬ ಅದರ ಯುಕ್ತಿಯನ್ನು ಈಗಲೂ ಜನ ನೆನೆಯುತ್ತಾರೆ. ಊರಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲ. ಹಿಂದಿ ಬಾರದಿದ್ದರೂ ನಮ್ಮ ಮಂದಿಗೆ ತೊಡಕಾಗಲಿಲ್ಲವೆಂದು ಅಪ್ಪ ಹೇಳುತ್ತಾನೆ, ಏಕೆಂದರೆ ಮಾತನ್ನು ಅವರು ದೊಡ್ಡಾಟದಿಂದ ತುಂಬಿಕೊಳ್ಳುತ್ತಿದ್ದರು. ಅದರಲ್ಲಿ ಭೀಮನಾದ ಪ್ರವೀಣಕುಮಾರರು 1966 ಮತ್ತು 1970ರ ಏಶಿಯನ್ ಕ್ರೀಡೆಗಳಲ್ಲಿ ಚಕ್ರ ಎಸೆತದಲ್ಲಿ ಚಿನ್ನ ಗೆದ್ದವರು, ಸುತ್ತಿಗೆ ಎಸೆತದಲ್ಲಿಯೂ ನಿಪುಣರು. ನಿಜವಾದ ಕಬ್ಬಿಣವನ್ನು ಜೀವನವೆಲ್ಲ ಎಸೆದ ಆ ಕೈಗೆ ಬಣ್ಣ ಬಳಿದ ಗದೆ ಏನೆನಿಸಿರಬೇಕು!

ಅನಂತರ 2013-14ರಲ್ಲಿ ಸ್ಟಾರ್ ಪ್ಲಸ್ ವಾಹಿನಿಯು 267 ಕಂತುಗಳ ಇನ್ನೊಂದು ‘ಮಹಾಭಾರತ’ವನ್ನು ತೋರಿಸಿತು. ಅದು ಆಗ ಕನ್ನಡದಲ್ಲಿ ಬರಲಿಲ್ಲ, ಏಕೆಂದರೆ ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಜೋಡಿಸಬಾರದೆಂಬ ಕಟ್ಟುನಿಟ್ಟು ನಮ್ಮ ಚಿತ್ರರಂಗದಲ್ಲಿ ದಶಕಗಳಿಂದ ಇತ್ತು. ಅಂಥ ನಿರ್ಬಂಧವು ಕಾಯದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಹೇಳಿತು. 2020ರಲ್ಲಿ ಮಹಾಮಾರಿಯ ಕಾಲಕ್ಕೆ ಚಿತ್ರೀಕರಣಗಳೆಲ್ಲ ನಿಂತು ವಾಹಿನಿಗಳ ಕಣಜ ಬರಿದಾದಾಗ, ಮೇ ತಿಂಗಳಿಂದ ಈ ಧಾರಾವಾಹಿಯು ಸ್ಟಾರ್ ಸುವರ್ಣದಲ್ಲಿ ಕನ್ನಡ ಮಾತಾಡತೊಡಗಿತು. ಶಾಲೆಗಳು ಮುಚ್ಚಿದ್ದವು, ಸಂತೆಗಳು ನಿಂತಿದ್ದವು. ರಾತ್ರಿ ಎಂಟಕ್ಕೆ ನಮ್ಮ ಪಡಸಾಲೆಯಲ್ಲಿ ನೆರೆಮನೆಯವರೂ ಬಂದು ಕೂಡುತ್ತಿದ್ದರು (ಕೂಡಬಾರದೆಂದು ಸರಕಾರದ ಆಜ್ಞೆಯಿತ್ತು, ಆದರೆ ದ್ರೌಪದಿಯ ಸ್ವಯಂವರವನ್ನು ಯಾರು ಬಿಡುತ್ತಾರೆ?).

ಈ ಧಾರಾವಾಹಿಗಳಲ್ಲಿಯ ಗದಾಯುದ್ಧವು ನೋಡಲು ಸೊಗಸಾಗಿಲ್ಲವೆಂದು ನಾನು ಹೇಳಲಾರೆ. ಮೈಕಟ್ಟು, ಬೆಳಕು, ಎದೆ ನಡುಗಿಸುವ ವಾದ್ಯ, ಎಲ್ಲವೂ ಇವೆ. ಆದರೆ ಯಂತ್ರವು ಇಬ್ಬರೇ ಮನುಷ್ಯರ ಎದುರು ನಿಂತಾಗ ಅದಕ್ಕೆ ಒಂದು ಬಗೆಯ ಕಸಿವಿಸಿಯಾಗುತ್ತದೆಂದು ನನಗೆ ತೋರುತ್ತದೆ. ತನ್ನ ಲಕ್ಷ ಸೈನಿಕರಿಗೆ ಇಲ್ಲಿ ಕೆಲಸವಿಲ್ಲ. ಆಗ ಅದು ಗದೆಗಳಿಂದ ಕಿಡಿ ಹಾರಿಸುತ್ತದೆ, ಧೂಳೆಬ್ಬಿಸುತ್ತದೆ, ನೆಗೆತವನ್ನು ನಿಧಾನ ಮಾಡಿ ಮೂರು ಸಲ ತೋರಿಸುತ್ತದೆ, ನೋಡುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ತೋರಿಸಿ ಹೊತ್ತು ಕಳೆಯುತ್ತದೆ. ‘ಗದಾ ಅರಳಿ ಆಗೇತಿ’ ಎಂದು ಅಜ್ಜ ನಕ್ಕನು. ಹತ್ತಿಯ ಅರಳೆಯಂತೆ ಹಾರುತ್ತದೆ ಎಂದು ಅವನ ಭಾವ.

ಇದು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ, ಅದಕ್ಕಾಗಿಯೇ ನಾನು ಈ ಲೇಖನವನ್ನು ಬರೆಯಲು ಹೊರಟದ್ದು. ಎರಡೂ ಧಾರಾವಾಹಿಗಳಲ್ಲಿ ಯುದ್ಧಕ್ಕೆ ಮೊದಲು ಒಂದು ಪ್ರಸಂಗ ಬರುತ್ತದೆ. ಗಾಂಧಾರಿಯು ಮಗನನ್ನು ಬತ್ತಲೆಯಾಗಿ ಬರಹೇಳುತ್ತಾಳೆ. ದಾರಿಯಲ್ಲಿ ಕೃಷ್ಣನು ನಗೆಯಾಡಿದ್ದರಿಂದ ನಾಚಿ ಅವನು ನಡುವಿನಿಂದ ತೊಡೆಯ ವರೆಗೆ ಮರೆಮಾಡಿಕೊಂಡು ಹೋಗುತ್ತಾನೆ. ತಾಯಿ ಕಣ್ಣಪಟ್ಟಿಯನ್ನು ಬಿಚ್ಚಿ ನೋಡಿದಾಗ ಅವಳ ದೃಷ್ಟಿ ಬಿದ್ದಲ್ಲೆಲ್ಲ ಮೈ ವಜ್ರವಾಗುತ್ತದೆ. ಮರೆಯಾದ ತೊಡೆ ಮಾತ್ರ ಹಾಗೆಯೇ ಉಳಿಯುತ್ತದೆ. ಬಹಳ ಜನರು ಇದನ್ನು ಮೂಲಭಾರತದ್ದೇ ಎಂದು ತಿಳಿದಿದ್ದಾರೆ. ವ್ಯಾಸಭಾರತದಲ್ಲಿ ಇದು ಇಲ್ಲ, ರನ್ನನಲ್ಲಿಯೂ ಇಲ್ಲ. ಜನರ ಬಾಯಲ್ಲಿ ಬೆಳೆದು ಬಂದ ಕಥೆ. ಗ್ರೀಕರ ಅಖಿಲೀಸನ ಹಿಮ್ಮಡಿಯ ಕಥೆ ಗೊತ್ತಿದ್ದವರಿಗೆ ಇದರ ಜಾಡು ಹೊಸದೆನಿಸುವದಿಲ್ಲ.

ಜನರು ಕಥೆ ಬೆಳೆಸುವದು ತಪ್ಪಲ್ಲ. ತಾಯಿಯ ಕಣ್ಣಿನ ಶಕ್ತಿಯ ಈ ಕಲ್ಪನೆಯೂ ಚೆಲುವಾದುದೇ. ಆದರೆ ಇದು ಬಂದು ಸೇರಿದ ಕೂಡಲೆ ಆ ಹಳೆಯ ಗಂಟು ಏನಾಯಿತೆಂಬುದನ್ನು ನೋಡಬೇಕು. ಮೈಯೆಲ್ಲ ವಜ್ರವಾದ ಮೇಲೆ ಭೀಮನು ತೊಡೆಗೆ ಹೊಡೆಯದೆ ಇನ್ನೆಲ್ಲಿ ಹೊಡೆಯಬೇಕು? ಬೇರೆ ದಾರಿಯೇ ಇಲ್ಲ. ಮೂಲದಲ್ಲಿ ಬೇರೆ ದಾರಿಯಿತ್ತು: ಕಟ್ಟಳೆಯಂತೆ ಹೋರಾಡಿ ಸೋಲುವ ದಾರಿ. ಭೀಮನು ಅದನ್ನು ಬಿಟ್ಟು, ತನ್ನ ಪ್ರತಿಜ್ಞೆಗಾಗಿ, ದ್ರೌಪದಿಗಾದ ಅವಮಾನಕ್ಕಾಗಿ, ಗೊತ್ತಿದ್ದೂ ಕಟ್ಟಳೆಯನ್ನು ಮುರಿದನು. ಅದು ಒಬ್ಬ ಮನುಷ್ಯನು ಮಾಡಿಕೊಂಡ ಆಯ್ಕೆ. ಅದಕ್ಕೆ ಅವನು ಉತ್ತರ ಹೇಳಬೇಕು. ಧಾರಾವಾಹಿಯಲ್ಲಿ ಅದು ಬೀಗಕ್ಕೆ ಸರಿಯಾದ ಕೀಲಿಕೈಯನ್ನು ಹುಡುಕಿದ ಜಾಣತನವಾಗಿಬಿಟ್ಟಿತು. ನೋಡುವವನು ‘ಸರಿಯೋ ತಪ್ಪೋ’ ಎಂದು ಕೇಳುವ ಬದಲು ‘ಸಿಕ್ಕಿತೋ ಇಲ್ಲವೋ’ ಎಂದು ಕೇಳುತ್ತಾನೆ.

ಇದನ್ನು ನಾನು ಪುಸ್ತಕದಿಂದ ಕಂಡುಕೊಳ್ಳಲಿಲ್ಲ. ಆ ಕಂತು ಬಂದ ರಾತ್ರಿ ನಾವೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದಾಗ ಅಜ್ಜನು, ‘ಹಂಗಾದರ ಭೀಮಂದೇನ ತಪ್ಪು? ತಪ್ಪು ಇಲ್ಲದ್ದಕ್ಕ ಬಲರಾಮ ಯಾಕ ಎದ್ದಾ?’ ಎಂದನು. ಯಾರೂ ಉತ್ತರ ಕೊಡಲಿಲ್ಲ, ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದಿತು. ನಾನಾಗ ಹೈಸ್ಕೂಲಿನ ಹುಡುಗ. ಬಿ.ಎ.ಗೆ ಬಂದು ವ್ಯಾಸರ ಕಥೆಯನ್ನೂ ರನ್ನನ ಕಾವ್ಯವನ್ನೂ ಓದಿದ ಮೇಲೆಯೇ, ಅವನ ಆ ಪ್ರಶ್ನೆ ಎಷ್ಟು ಆಳವಾದದ್ದೆಂಬುದು ನನಗೆ ಹೊಳೆದದ್ದು.

ಚಿತ್ರರಂಗದ್ದೂ ಒಂದು ಮಾತು ಹೇಳಿಬಿಡುತ್ತೇನೆ. 2019ರ ಆಗಸ್ಟಿನಲ್ಲಿ ತೆರೆಕಂಡ ಕನ್ನಡದ ‘ಕುರುಕ್ಷೇತ್ರ’ವು ರನ್ನನ ಕಾವ್ಯವನ್ನು ಆಧರಿಸಿದ್ದೆಂದು ಹೇಳಿಕೊಂಡಿತು, ದರ್ಶನ್ ಅವರು ದುರ್ಯೋಧನನಾಗಿ, ಅವನೇ ನಾಯಕನಾಗಿ ಕಾಣಿಸಿಕೊಂಡರು. ಬಳೆಗಾರರ ಮನೆಯ ಕವಿ ಸಾವಿರ ವರ್ಷದ ಹಿಂದೆ ಒಲವು ತೋರಿದವನಿಗೆ ಪ್ರೇಕ್ಷಕರು ಶಿಳ್ಳೆ ಹೊಡೆದರು. ಅದು ರನ್ನನಿಗೆ ಬಂದ ಶಿಳ್ಳೆಯೋ ನಟನಿಗೆ ಬಂದ ಶಿಳ್ಳೆಯೋ ಎಂಬ ಚರ್ಚೆಗೆ ನಾನು ಹೋಗುವದಿಲ್ಲ.

ಧಾರಾವಾಹಿಯಿಂದ ದೊಡ್ಡಾಟ ಸತ್ತಿತೆಂದು ಭಾಷಣಗಳಲ್ಲಿ ಹೇಳುವದುಂಟು. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಅಲ್ಲಲ್ಲಿ ಆಟಗಳೂ ಆಗುತ್ತಿವೆ. ನಮ್ಮ ಓಣಿಯಲ್ಲಿ ಆಟ ಕಡಿಮೆಯಾದದ್ದಕ್ಕೆ ಟಿ.ವಿ.ಗಿಂತ ಬೇರೆ ಕಾರಣಗಳೂ ಇವೆ. ಎರಡು ತಿಂಗಳು ರಾತ್ರಿ ತಾಲೀಮು ಮಾಡಲು ಹರೆಯದವರು ಊರಲ್ಲಿ ಇರಬೇಕಲ್ಲ. ಅವರು ಪುಣೆ, ಬೆಂಗಳೂರುಗಳ ಕಾರಖಾನೆಗಳಲ್ಲಿದ್ದಾರೆ. ಆಟ ಕಲಿಸುವ ಮಾಸ್ತರನ ಊಟ-ಸಂಬಳ, ವೇಷದ ಬಾಡಿಗೆ, ಅಟ್ಟದ ಖರ್ಚು ಯಾರು ಕೊಡಬೇಕು? ನಾನೇ ಇನ್ನೆರಡು ತಿಂಗಳಿಗೆ ಪರೀಕ್ಷೆ ಮುಗಿಸಿ ಎಲ್ಲಿ ಹೋಗುವೆನೋ ತಿಳಿಯದು. ಮನೆಯಲ್ಲಿ ಎಲ್ಲರೂ ನೌಕರಿಯ ದಾರಿ ನೋಡುತ್ತಿದ್ದಾರೆ. ಕೌರವನ ಪಾತ್ರ ಹಾಕುವ ಮೊಮ್ಮಗನ ದಾರಿಯನ್ನು ಅಜ್ಜನೊಬ್ಬನ ಹೊರತು ಯಾರೂ ನೋಡುತ್ತಿಲ್ಲ. ಅವನೂ ಬಾಯಿಬಿಟ್ಟು ಕೇಳಿಲ್ಲ.

ಆದ್ದರಿಂದ ಕಳೆದ ದೀಪಾವಳಿಯ ಸೂಟಿಯಿಂದ ನಾನು ಒಂದು ಕೆಲಸ ಹಿಡಿದಿದ್ದೇನೆ. ಆಟದ ಪದಗಳನ್ನು ಬರೆದ ಕೈಬರಹದ ವಹಿ ಹಿಂದೆ ಒಬ್ಬರ ಮನೆಯ ಪೆಟ್ಟಿಗೆಯಲ್ಲಿತ್ತು. ಗೆದ್ದಲು ಹಿಡಿದು ಅರ್ಧ ಹೋಗಿದೆ. ಉಳಿದದ್ದು ಅಜ್ಜನ ಬಾಯಲ್ಲಿದೆ, ಅದೂ ಕೌರವನ ಪದಗಳು ಮಾತ್ರ. ಭೀಮನ ಪಾತ್ರದವನು ತೀರಿಕೊಂಡು ಬಹಳ ವರ್ಷಗಳಾದವು. ನಾನು ಬರೆದುಕೊಳ್ಳುತ್ತೇನೆ, ಅವನು ಹೇಳುತ್ತಾನೆ. ಹಗಲು ಕೂತು ಹೇಳೆಂದರೆ ಅವನಿಗೆ ಪದ ನೆನಪಾಗುವದಿಲ್ಲ. ಎದ್ದು ನಿಂತು ಹೆಜ್ಜೆ ಹಾಕಿದರೆ ಬರುತ್ತದೆ, ಆದರೆ ಮೊಳಕಾಲು ನೋವು. ಹೀಗಾಗಿ ದಿನಕ್ಕೆ ಎರಡೋ ಮೂರೋ ಪದ. ಈ ವರೆಗೆ ನಾಲ್ವತ್ತೊಂದು ಪದಗಳಾಗಿವೆ; ಕೌರವನು ಕೊಳದಿಂದ ಹೊರಗೆ ಬಂದು ಗದೆಯನ್ನು ಹೆಗಲಿಗೇರಿಸಿದ್ದಾನೆ. ಎದುರಿನವನ ಸವಾಲುಗಳು ಸಿಗದ ಕಡೆಗಳಲ್ಲಿ ಕಾಗದದ ಮೇಲೆ ಸಾಲು ಖಾಲಿ ಬಿಟ್ಟಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬರುವ ಮಿತ್ರರ ಮನೆಗಳಲ್ಲಿ ಭೀಮನ ಪಾತ್ರ ಹಾಕಿದ ಹಿರಿಯರು ಯಾರಾದರೂ ಇದ್ದರೆ ದಯಮಾಡಿ ನನಗೆ ತಿಳಿಸಬೇಕು. ಸೈಕಲ್ ಮೋಟಾರಿನ ಮೇಲೆ ಅಜ್ಜನನ್ನು ಹಿಂದೆ ಕೂರಿಸಿಕೊಂಡು ನಾನೇ ಬರುತ್ತೇನೆ.